ನಿರ್ವಿಚಿಕಿತ್ಸೆಯೂ ಸಹಪಾಠಿಯೂ: ಎಚ್‌ಐವಿ ಸೋಂಕಿತ ಮಕ್ಕಳ ಶಾಲಾಚರಿತ್ರೆಯ ಒಂದು ಅವಲೋಕನ

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಆರು ಅಂತರಂಗ ತಪಸ್ಸುಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಮೂರನೆಯದು ವೈಯಾವೃತ್ಯ, ಅಂದರೆ ಸೇವೆ. ಆ ಸೇವೆ ಯಾರಿಗೆ ಸಲ್ಲತಕ್ಕದ್ದು ಎಂಬುದಕ್ಕೆ ಹತ್ತು ಹೆಸರುಗಳ ಒಂದು ಪಟ್ಟಿಯನ್ನೂ ಕೊಟ್ಟಿದ್ದಾರೆ. ಆಚಾರ್ಯ, ಉಪಾಧ್ಯಾಯ, ತಪಸ್ವಿ ಎಂಬ ಮೂವರು ಪೂಜ್ಯರ ಬೆನ್ನಿಗೇ ಬರುವ ಎರಡು ಹೆಸರುಗಳು ಶೈಕ್ಷ ಮತ್ತು ಗ್ಲಾನ. ಶೈಕ್ಷನೆಂದರೆ ಕಲಿಕೆಯಲ್ಲಿ ತೊಡಗಿದವನು, ಗ್ಲಾನನೆಂದರೆ ರೋಗಾದಿಗಳಿಂದ ದೇಹ ಬಳಲಿದವನು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅರ್ಥವನ್ನು ತಿಳಿಸಿದ್ದಾರೆ.

ಈ ಎರಡು ಹೆಸರುಗಳೂ ಒಬ್ಬನೇ ವ್ಯಕ್ತಿಗೆ ಸಲ್ಲುವ ಸಂದರ್ಭವೊಂದು ನಮ್ಮ ಕಾಲದಲ್ಲಿ ಒದಗಿದೆ. ಎಚ್‌ಐವಿ ಎಂಬ ವೈರಾಣುವನ್ನು ಹುಟ್ಟಿನಿಂದಲೇ ದೇಹದಲ್ಲಿ ಹೊತ್ತ ಮಗು ಶಾಲೆಗೆ ಬರುತ್ತದೆ. ಅದು ಶೈಕ್ಷವೂ ಹೌದು, ಗ್ಲಾನವೂ ಹೌದು. ಅದರ ಪಕ್ಕದಲ್ಲಿ ಕುಳಿತುಕೊಳ್ಳುವ ಮಗು, ಆ ಮಗುವಿನ ತಂದೆತಾಯಿಗಳು, ಶಾಲೆಯನ್ನೋ ವಿದ್ಯಾರ್ಥಿನಿಲಯವನ್ನೋ ನಡೆಸುವ ಬಸದಿಯ ಟ್ರಸ್ಟಿನವರು, ಇವರೆಲ್ಲ ಹೇಗೆ ನಡೆದುಕೊಳ್ಳಬೇಕು ಎಂಬುದು ಪ್ರಶ್ನೆ.

ಸೂತ್ರದಲ್ಲಿ ಹೇಳಿದ ಶೈಕ್ಷನು ಮುನಿಸಂಘದ ಹೊಸ ಸಾಧಕನೇ ಹೊರತು ಪೇಟೆಯ ಶಾಲೆಯ ಹುಡುಗನಲ್ಲ ಎಂದು ಪಂಡಿತರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದುದೇ. ಆದರೆ ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ ಆಚಾರ್ಯರು ಅನುಕಂಪೆಯನ್ನು ವ್ರತಿಗಳಿಗೆ ಮಾತ್ರ ಸೀಮಿತಗೊಳಿಸಲಿಲ್ಲ. ಭೂತ ಮತ್ತು ವ್ರತಿ ಎಂದು ಎರಡನ್ನೂ ಹೆಸರಿಸಿದರು. ಭೂತವೆಂದರೆ ಸಕಲ ಜೀವಿಗಳು. ಇಷ್ಟು ವಿಶಾಲವಾದ ಬಾಗಿಲನ್ನು ಆಚಾರ್ಯರೇ ತೆರೆದಿಟ್ಟಿರುವಾಗ ಅದನ್ನು ಮುಚ್ಚುವ ಶ್ರಮವನ್ನು ಶ್ರಾವಕರು ವಹಿಸಿಕೊಳ್ಳಬೇಕಾಗಿಲ್ಲ.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಅಂದರೆ ಜುಗುಪ್ಸೆಯನ್ನು ಗೆಲ್ಲುವುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಂಗಕ್ಕೆ ಉದ್ದಾಯನ ಮಹಾರಾಜನನ್ನು ದೃಷ್ಟಾಂತವಾಗಿ ಹೆಸರಿಸಿದ್ದಾರೆ. ಕನ್ನಡದಲ್ಲಿ ಮುಳುಗುಂದದ ನಯಸೇನನು ಹನ್ನೆರಡನೆಯ ಶತಮಾನದ ಆದಿಯಲ್ಲಿ ರಚಿಸಿದ ಧರ್ಮಾಮೃತವು ಈ ಎಂಟು ಅಂಗಗಳಿಗೂ ಐದು ವ್ರತಗಳಿಗೂ ಕಥೆಗಳನ್ನು ಹೇಳುವ ಕಾವ್ಯ. ಉದ್ದಾಯನನ ಕಥೆ ಜೈನ ಮನೆಗಳಲ್ಲಿ ಬಲ್ಲದ್ದೇ. ದೇವನೊಬ್ಬನು ರಾಜನನ್ನು ಪರೀಕ್ಷಿಸಲೆಂದು ದುರ್ಗಂಧ ಬೀರುವ ರೋಗವುಳ್ಳ ಮುನಿಯ ವೇಷದಲ್ಲಿ ಆಹಾರಕ್ಕೆ ಬಂದನು. ಪರಿಜನರು ಮೂಗು ಮುಚ್ಚಿಕೊಂಡು ದೂರ ಸರಿದರು. ರಾಜನೂ ರಾಣಿ ಪ್ರಭಾವತಿಯೂ ನಿಂತು ಆಹಾರವಿತ್ತರು. ಮುನಿಯು ಉಂಡದ್ದನ್ನು ಅವರ ಮೈಮೇಲೆಯೇ ಕಾರಿಕೊಂಡಾಗ ರಾಜನು ಅಸಹ್ಯಪಡಲಿಲ್ಲ. ತಾನು ಕೊಟ್ಟ ಆಹಾರದಲ್ಲಿಯೇ ದೋಷವಿದ್ದಿರಬೇಕೆಂದು ತನ್ನನ್ನು ತಾನೇ ಹಳಿದುಕೊಂಡು ಮುನಿಯ ದೇಹವನ್ನು ತೊಳೆದನು.

ಈ ಕಥೆಯಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಅಂಶವಿದೆ. ಈ ರೋಗ ಹೇಗೆ ಬಂತು, ಯಾರಿಂದ ಬಂತು ಎಂದು ರಾಜನು ಕೇಳಲೇ ಇಲ್ಲ. ಇಂದು ಎಚ್‌ಐವಿ ಸೋಂಕಿತ ಮಗುವಿನ ಪರವಾಗಿ ಮಾತನಾಡುವ ಸಜ್ಜನರೂ ಮೊದಲು ಹೇಳುವುದು, ಪಾಪ, ಆ ಮಗುವಿನದೇನೂ ತಪ್ಪಿಲ್ಲ, ತಾಯಿಯಿಂದ ಬಂದದ್ದು ಎಂದು. ಮಾತು ನಿಜವೇ. ಆದರೆ ಅದರ ಬೆನ್ನಲ್ಲಿ ತಾಯಿಯ ಮೇಲಿನ ಒಂದು ತೀರ್ಪು ಅಡಗಿರುತ್ತದೆ, ಆ ತೀರ್ಪು ಮಗುವಿನ ಕಿವಿಗೂ ಬೀಳುತ್ತದೆ. ಗ್ಲಾನ ಎಂಬ ಶಬ್ದದಲ್ಲಿ ರೋಗದ ಕಾರಣದ ವಿಚಾರಣೆ ಇಲ್ಲ.

ಇನ್ನು ಚರಿತ್ರೆಗೆ ಬರಬಹುದು. ೧೯೮೧ರಲ್ಲಿ ಅಮೆರಿಕದ ವೈದ್ಯರು ಏಡ್ಸ್ ರೋಗವನ್ನು ಮೊದಲು ಗುರುತಿಸಿದರು. ಕೆಲವೇ ವರ್ಷಗಳಲ್ಲಿ ಅದರ ವೈರಾಣುವೂ ಅದು ಹರಡುವ ದಾರಿಗಳೂ ತಿಳಿದವು. ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಶುದ್ಧಿ ಮಾಡದ ಸೂಜಿ, ತಾಯಿಯಿಂದ ಗರ್ಭ, ಹೆರಿಗೆ ಅಥವಾ ಮೊಲೆಹಾಲಿನ ಮೂಲಕ ಮಗುವಿಗೆ, ಇಷ್ಟೇ. ೧೯೮೬ರಲ್ಲಿ ನ್ಯೂಯಾರ್ಕಿನ ವೈದ್ಯರು ಏಡ್ಸ್ ರೋಗಿಗಳೊಡನೆ ಒಂದೇ ಮನೆಯಲ್ಲಿ ಬಾಳಿದ ೧೦೧ ಮಂದಿಯನ್ನು ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ ತಟ್ಟೆ ಲೋಟಗಳನ್ನೂ ಬಚ್ಚಲನ್ನೂ ಹಂಚಿಕೊಂಡವರಿದ್ದರು, ಅಪ್ಪಿಕೊಂಡವರಿದ್ದರು. ಸೋಂಕು ಕಂಡದ್ದು ಒಂದು ಮಗುವಿನಲ್ಲಿ ಮಾತ್ರ, ಅದೂ ಬಹುಶಃ ಜನನಕಾಲದಲ್ಲಿ ತಾಯಿಯಿಂದ ಬಂದದ್ದು. ಒಂದೇ ಮನೆಯಲ್ಲಿ ಹಬ್ಬದ ರೋಗವು ಒಂದೇ ಬೆಂಚಿನಿಂದ ಹಬ್ಬುವುದಿಲ್ಲ ಎಂಬುದು ಸುಮಾರು ನಾಲ್ಕು ದಶಕಗಳಿಂದ ಗೊತ್ತಿರುವ ಸಂಗತಿ. ಆದ್ದರಿಂದ ಮುಂದೆ ಹೇಳುವ ಘಟನೆಗಳಿಗೆಲ್ಲ ತಿಳಿವಳಿಕೆಯ ಅಭಾವವೊಂದೇ ಕಾರಣವೆಂದು ಹೇಳಿ ಮುಗಿಸಲಾಗದು.

ಅಮೆರಿಕದ ಇಂಡಿಯಾನಾ ರಾಜ್ಯದ ಕೊಕೊಮೊ ಎಂಬ ಊರಿನ ರಯಾನ್ ವೈಟ್ ಎಂಬ ಹುಡುಗನಿಗೆ ಹುಟ್ಟಿನಿಂದ ರಕ್ತ ಹೆಪ್ಪುಗಟ್ಟದ ಹೀಮೋಫಿಲಿಯಾ ರೋಗವಿತ್ತು. ಅದಕ್ಕೆ ಕೊಡುತ್ತಿದ್ದ ರಕ್ತಜನ್ಯ ಔಷಧದಿಂದಲೇ ಎಚ್‌ಐವಿ ತಗಲಿತು. ೧೯೮೪ರ ಡಿಸೆಂಬರಿನಲ್ಲಿ, ಅವನಿಗೆ ಹದಿಮೂರು ವರ್ಷವಾಗಿದ್ದಾಗ, ರೋಗ ತಿಳಿದುಬಂತು. ಆರು ತಿಂಗಳು ಬದುಕಿಯಾನೆಂದು ವೈದ್ಯರು ಹೇಳಿದರು. ಆರು ತಿಂಗಳು ಕಳೆಯಿತು, ಹುಡುಗ ಚೇತರಿಸಿಕೊಂಡು ಶಾಲೆಗೆ ಹೋಗುತ್ತೇನೆಂದನು. ೧೯೮೫ರ ಬೇಸಿಗೆಯಲ್ಲಿ ಶಾಲೆಯ ಆಡಳಿತವು ಬಾಗಿಲು ಮುಚ್ಚಿತು. ನೂರಕ್ಕೂ ಹೆಚ್ಚು ಮಂದಿ ಪೋಷಕರೂ ಸುಮಾರು ಐವತ್ತು ಮಂದಿ ಶಿಕ್ಷಕರೂ ಅವನನ್ನು ಸೇರಿಸಿಕೊಳ್ಳಬಾರದೆಂಬ ಮನವಿಗೆ ಸಹಿ ಹಾಕಿದ್ದರು. ಅಪಾಯವಿಲ್ಲವೆಂದು ರಾಜ್ಯದ ಆರೋಗ್ಯಾಧಿಕಾರಿಯೇ ಹೇಳಿದರೂ ಕೇಳುವವರಿರಲಿಲ್ಲ. ಆ ಹುಡುಗನು ಮನೆಯಲ್ಲಿ ಕುಳಿತು ದೂರವಾಣಿಯ ಮೂಲಕ ಪಾಠ ಕೇಳಿದನು. ೧೯೮೬ರ ಫೆಬ್ರುವರಿ ೨೧ರಂದು ಶಾಲೆಗೆ ಮರಳಿದನು. ಅದೇ ದಿನ ಪೋಷಕರು ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಏಪ್ರಿಲ್‌ನಲ್ಲಿ ತಡೆ ತೆರವಾಯಿತು. ಆದರೆ ಪ್ರವೇಶ ಸಿಕ್ಕಿದ್ದು ಷರತ್ತುಗಳೊಡನೆ: ಬೇರೆ ಶೌಚಾಲಯ, ಉಂಡು ಬಿಸಾಡುವ ತಟ್ಟೆ ಚಮಚಗಳು, ವ್ಯಾಯಾಮ ತರಗತಿಗೆ ನಿಷೇಧ. ಅವನು ಮನೆಮನೆಗೆ ಹಾಕುತ್ತಿದ್ದ ಪತ್ರಿಕೆಯನ್ನು ಎಷ್ಟೋ ಮನೆಯವರು ನಿಲ್ಲಿಸಿದರು. ಕೊನೆಗೊಮ್ಮೆ ಮನೆಯ ಕಿಟಕಿಗೆ ಗುಂಡು ಹಾರಿತು.

೧೯೮೭ರಲ್ಲಿ ಆ ಕುಟುಂಬವು ಅದೇ ರಾಜ್ಯದ, ಹೆಚ್ಚು ದೂರವಿಲ್ಲದ ಸಿಸೆರೊ ಎಂಬ ಸಣ್ಣ ಊರಿಗೆ ಹೋಗಿ ನೆಲೆಸಿತು. ಅಲ್ಲಿನ ಪ್ರೌಢಶಾಲೆಯಲ್ಲಿ ನಡೆದದ್ದನ್ನು ಟ್ರಸ್ಟಿನವರು ಅವಶ್ಯ ತಿಳಿಯಬೇಕು. ಹುಡುಗ ಬರುವ ಮುನ್ನವೇ ವಿದ್ಯಾರ್ಥಿ ಸಂಘದ ಅಧ್ಯಕ್ಷೆಯಾಗಿದ್ದ ಬಾಲಕಿಯೂ ಶಾಲೆಯವರೂ ಸೇರಿ ವೈದ್ಯರನ್ನು ಕರೆಯಿಸಿ ವಿದ್ಯಾರ್ಥಿಗಳಿಗೆ ರೋಗದ ವಿಷಯವನ್ನು ತಿಳಿಸಿಕೊಟ್ಟಿದ್ದರು. ಮಕ್ಕಳು ಅದನ್ನು ಮನೆಗೆ ಹೋಗಿ ತಂದೆತಾಯಿಗಳಿಗೆ ಹೇಳಿದರು. ೧೯೮೭ರ ಆಗಸ್ಟ್ ೩೧ರಂದು ಅವನು ಬಂದಾಗ ಮುಖ್ಯೋಪಾಧ್ಯಾಯರೂ ವಿದ್ಯಾರ್ಥಿಗಳೂ ಕೈಕುಲುಕಿ ಬರಮಾಡಿಕೊಂಡರು. ವೈರಾಣು ಅದೇ, ಹುಡುಗ ಅವನೇ, ಕಾನೂನೂ ಅದೇ. ಒಂದು ಊರಿನಲ್ಲಿ ಹಿರಿಯರು ಮೊದಲು ಮಾತನಾಡಿದರು, ಇನ್ನೊಂದರಲ್ಲಿ ಮಕ್ಕಳಿಗೆ ಮೊದಲು ಪಾಠವಾಯಿತು. ರಯಾನ್ ವೈಟ್ ೧೯೯೦ರ ಏಪ್ರಿಲ್ ೮ರಂದು ಹದಿನೆಂಟನೆಯ ವಯಸ್ಸಿನಲ್ಲಿ ತೀರಿಕೊಂಡನು. ಅದೇ ವರ್ಷ ಅಮೆರಿಕದ ಸಂಸತ್ತು ಎಚ್‌ಐವಿ ಪೀಡಿತರ ಆರೈಕೆಗಾಗಿ ಮಾಡಿದ ಕಾಯಿದೆಗೆ ಅವನ ಹೆಸರನ್ನೇ ಇಟ್ಟಿತು.

ಭಾರತದಲ್ಲಿ ಮೊದಲ ಸೋಂಕುಗಳು ೧೯೮೬ರಲ್ಲಿ ಮದರಾಸಿನಲ್ಲಿ ಪತ್ತೆಯಾದವು, ಡಾ. ಸುನೀತಿ ಸಾಲೊಮನ್ ಅವರ ತಂಡದ ಕೆಲಸವದು. ಶಾಲೆಯ ಬಾಗಿಲಿನ ಜಗಳ ನಮ್ಮಲ್ಲಿ ದೊಡ್ಡದಾಗಿ ಕಾಣಿಸಿಕೊಂಡದ್ದು ಮುಂದಿನ ಶತಮಾನದಲ್ಲಿ. ೨೦೦೩ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಅಕ್ಕ ತಮ್ಮಂದಿರಾದ ಇಬ್ಬರು ಅನಾಥ ಮಕ್ಕಳನ್ನು ಶಾಲೆಯಿಂದ ದೂರವಿಡಲಾಯಿತು. ಆಗ ಕೇಂದ್ರದ ಆರೋಗ್ಯ ಸಚಿವೆಯಾಗಿದ್ದ ಸುಷ್ಮಾ ಸ್ವರಾಜ್ ಅವರು ಆ ಮಕ್ಕಳನ್ನು ಕಂಡು ಎಲ್ಲರೆದುರು ಅಪ್ಪಿಕೊಂಡರು. ಆ ಅಪ್ಪುಗೆಯ ಚಿತ್ರ ದೇಶದ ಪತ್ರಿಕೆಗಳಲ್ಲಿ ಬಂತು. ಹನ್ನೊಂದು ವರ್ಷಗಳ ನಂತರ, ೨೦೧೪ರಲ್ಲಿ, ನಮ್ಮ ನೆರೆಯ ಗೋವಾದ ರಿವೋಣಾ ಎಂಬ ಊರಿನಲ್ಲಿ ಪೋಷಕರ ಒತ್ತಡಕ್ಕೆ ಮಣಿದು ೧೩ ಮಕ್ಕಳನ್ನು ಶಾಲೆ ಬಿಡಿಸಲಾಯಿತು. ಚಿತ್ರ ನೋಡಿದ ಮಾತ್ರಕ್ಕೆ ಜುಗುಪ್ಸೆ ಹೋಗುವುದಿಲ್ಲವೆಂದಾಯಿತು.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ದಯಾಳುಗಳು ಕಂಡುಕೊಂಡ ಒಂದು ಉತ್ತರ ಪ್ರತ್ಯೇಕ ಆಶ್ರಯ. ಬೆಂಗಳೂರಿನ ಪೂರ್ವದಂಚಿನಲ್ಲಿ ಕ್ಯಾಮಿಲಿಯನ್ ಪಾದ್ರಿಗಳು ೨೦೦೮ರಲ್ಲಿ ಸ್ನೇಹಾ ಕೇರ್ ಹೋಮ್ ಎಂಬ ವಸತಿಗೃಹವನ್ನು ಸೋಂಕಿತ ಅನಾಥ ಮಕ್ಕಳಿಗಾಗಿ ತೆರೆದು ಅಲ್ಲಿಯೇ ಪಾಠವನ್ನೂ ಏರ್ಪಡಿಸಿದರು. ಬೆಳಗಾವಿಯಲ್ಲಿ ಮಹೇಶ ಜಾಧವ ಎಂಬ ತರುಣರು ಮಹೇಶ್ ಫೌಂಡೇಶನ್ ಸ್ಥಾಪಿಸಿ ಇಂಥ ಮಕ್ಕಳನ್ನು ಸಾಕಿದರು. ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ಈ ಮನೆಗಳು ಪ್ರಾಣವನ್ನೇ ಕೊಟ್ಟಿವೆ. ಅವನ್ನು ನಡೆಸುವವರ ಮುಂದೆ ತಲೆಬಾಗಬೇಕು. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳಿಂದ ಕರ್ನಾಟಕದ ಜೈನ ಶಾಸನಗಳಲ್ಲಿ ಕೀರ್ತಿ ಪಡೆದ ಸಮಾಜವು ಇಂಥ ಮನೆಗಳಿಗೆ ಅಕ್ಕಿ ಬೇಳೆ, ಹಾಸಿಗೆ ಹೊದಿಕೆ ಕಳುಹಿಸಿ ಪುಣ್ಯ ಕಟ್ಟಿಕೊಳ್ಳುವುದೂ ಸರಿಯೇ. ಆದರೆ ನಾಲ್ಕು ದಾನಗಳಲ್ಲಿ ಅಭಯವು ಗಾಡಿಯಲ್ಲಿ ಹೇರಿ ಕಳುಹಿಸುವ ವಸ್ತುವಲ್ಲ. ದೂರದ ಆಶ್ರಮಕ್ಕೆ ಚೆಕ್ ಬರೆದುಕೊಟ್ಟು ತಮ್ಮ ಶಾಲೆಯ ಪ್ರವೇಶಪತ್ರದಲ್ಲಿ ರಕ್ತಪರೀಕ್ಷೆಯ ವಿವರ ಕೇಳುವ ಟ್ರಸ್ಟು ಕೊಟ್ಟದ್ದು ಮೂರು ದಾನ ಮಾತ್ರ.

ಔಷಧದ ಚರಿತ್ರೆಯೂ ಈ ಪ್ರಶ್ನೆಯನ್ನು ಬದಲಾಯಿಸಿದೆ. ೨೦೦೪ರ ಏಪ್ರಿಲ್ ೧ರಂದು ಕರ್ನಾಟಕವೂ ಸೇರಿ ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ಎಆರ್‌ಟಿ ಔಷಧವನ್ನು ಉಚಿತವಾಗಿ ಕೊಡುವ ಸರ್ಕಾರಿ ಯೋಜನೆ ಆರಂಭವಾಯಿತು. ಮಕ್ಕಳಿಗಾಗಿಯೇ ಬೇರೆ ಯೋಜನೆ ೨೦೦೬ರ ನವೆಂಬರಿನಲ್ಲಿ ಬಂತು. ದಿನವೂ ತಪ್ಪದೆ ಮಾತ್ರೆ ನುಂಗುವ ಮಗುವಿನ ರಕ್ತದಲ್ಲಿ ವೈರಾಣುವಿನ ಪ್ರಮಾಣವು ಪರೀಕ್ಷೆಗೂ ಸಿಗದಷ್ಟು ಇಳಿಯಬಲ್ಲದು. ಅಂಥ ಮಗು ಓಡುತ್ತದೆ, ಆಡುತ್ತದೆ, ಹತ್ತನೆಯ ತರಗತಿ ಮುಗಿಸಿ ಕಾಲೇಜಿಗೆ ಹೋಗುತ್ತದೆ. ಅದರ ಜಾಗ ಆಸ್ಪತ್ರೆಯ ಮಂಚವಲ್ಲ, ಎಲ್ಲರಂತೆ ಊರಿನ ಶಾಲೆ.

ಊರಿನ ಶಾಲೆಯೆಂದಾಗ ಬೆಂಗಳೂರಿನ ತುಮಕೂರು ರಸ್ತೆಯ ಮಾಕಳಿಯಂಥ ಊರನ್ನು ನೆನೆಯಬಹುದು. ಒಂದು ಕಡೆಗೆ ಪೀಣ್ಯದ ಕಾರ್ಖಾನೆಗಳು, ಇನ್ನೊಂದು ಕಡೆಗೆ ನೆಲಮಂಗಲ; ೨೦೨೪ರ ನವೆಂಬರಿನಿಂದ ಮೆಟ್ರೊ ರೈಲು ಪಕ್ಕದ ಮಾದಾವರದವರೆಗೂ ಓಡುತ್ತಿದೆ. ಇಂಥ ಕಡೆ ಕೆಲಸ ಹುಡುಕಿಕೊಂಡು ಉತ್ತರದ ಜಿಲ್ಲೆಗಳಿಂದಲೂ ಹೊರರಾಜ್ಯಗಳಿಂದಲೂ ಬಂದ ಸಂಸಾರಗಳು ಬಾಡಿಗೆ ಮನೆಗಳಲ್ಲಿ ಇರುತ್ತವೆ. ಅವರ ಮಕ್ಕಳು ವರ್ಷದ ನಡುವೆಯೂ ವರ್ಗಾವಣೆ ಪತ್ರ ಹಿಡಿದು ಶಾಲೆಗೆ ಸೇರುತ್ತಾರೆ. ಮೂಲ ಊರಿನಲ್ಲಾದರೆ ಯಾರ ಮನೆಯ ಸಂಗತಿಯೂ ಬಾವಿಕಟ್ಟೆಯ ಮಾತಾಗುತ್ತದೆ. ಇಲ್ಲಿ ಯಾರು ಯಾರೆಂದು ಯಾರಿಗೂ ಗೊತ್ತಿಲ್ಲ. ರೋಗವನ್ನು ಮುಚ್ಚಿಟ್ಟುಕೊಂಡ ಕುಟುಂಬಕ್ಕೆ ಈ ಅಪರಿಚಯವೇ ಒಂದು ಕವಚ. ಶಾಲೆಯ ಗುಮಾಸ್ತರೊಬ್ಬರು ಕಡತದಲ್ಲಿ ಕಂಡದ್ದನ್ನು ಚಹದ ಅಂಗಡಿಯಲ್ಲಿ ಒಂದು ಮಾತು ಆಡಿದರೆ ಆ ಕವಚ ಒಂದೇ ಸಂಜೆಯಲ್ಲಿ ಹರಿದುಹೋಗುತ್ತದೆ. ಬಾಡಿಗೆ ಮನೆ, ತಾಯಿಯ ಕೆಲಸ, ಮಗುವಿನ ಬೆಂಚು ಮೂರೂ ಒಟ್ಟಿಗೆ ಹೋಗುತ್ತವೆ.

ಈ ಕಾರಣದಿಂದ ಇಡೀ ವಿಷಯದಲ್ಲಿ ಗುಟ್ಟನ್ನು ಕಾಯುವುದೇ ಅತಿ ಮುಖ್ಯವೆನ್ನಬೇಕು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಿವೆ. ಅವುಗಳಲ್ಲಿ ರಹೋಭ್ಯಾಖ್ಯಾನವೆಂದರೆ ಏಕಾಂತದ ಸಂಗತಿಯನ್ನು ಹೊರಗೆಡಹುವುದು. ಸಾಕಾರಮಂತ್ರಭೇದವೆಂದರೆ ಒಬ್ಬನ ಮುಖಭಾವ, ಅಂಗಚೇಷ್ಟೆಗಳಿಂದ ಊಹಿಸಿದ ಗುಟ್ಟನ್ನು ಬಯಲು ಮಾಡುವುದು. ಆ ಹುಡುಗ ತಿಂಗಳಿಗೊಮ್ಮೆ ದೊಡ್ಡಾಸ್ಪತ್ರೆಗೆ ಹೋಗುತ್ತಾನೆ, ದಿನವೂ ಒಂದೇ ಹೊತ್ತಿಗೆ ಮಾತ್ರೆ ನುಂಗುತ್ತಾನೆ, ಏನಿರಬಹುದು ಎಂದು ಪಿಸುಗುಟ್ಟುವವನು ಈ ಎರಡನೆಯ ಅತಿಚಾರಕ್ಕೆ ಗುರಿಯಾಗುತ್ತಾನೆ. ಹೇಳಿದ್ದು ನಿಜವಾಗಿದ್ದರೂ ಅದು ಸತ್ಯವ್ರತದ ಭಂಗವೇ ಎಂಬುದು ಗಮನಾರ್ಹ. ಅದೇ ಪಟ್ಟಿಯಲ್ಲಿ ನ್ಯಾಸಾಪಹಾರವೂ ಇದೆ, ಅಂದರೆ ಇಟ್ಟ ಠೇವಣಿಯನ್ನು ಅಪಹರಿಸುವುದು. ವ್ಯಾಪಾರಿಗಳಿಗೆ ಈ ಶಬ್ದದ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿಯೊಬ್ಬಳು ಮಗುವಿನ ಹಿತಕ್ಕಾಗಿ ಮುಖ್ಯೋಪಾಧ್ಯಾಯರ ಕಿವಿಯಲ್ಲಿ ಹೇಳಿದ ಮಾತು ಠೇವಣಿಯೇ. ಅದರ ಮೇಲೆ ಬಡ್ಡಿ ದುಡಿಯುವ ಹಕ್ಕು ಯಾರಿಗೂ ಇಲ್ಲ.

ರಾಜ್ಯದ ಕಾನೂನು ಇದೇ ಮಾತನ್ನು ಬಹಳ ತಡವಾಗಿ ಹೇಳಿತು. ಎಚ್‌ಐವಿ ಮತ್ತು ಏಡ್ಸ್ ನಿಯಂತ್ರಣದ ಕೇಂದ್ರ ಕಾಯಿದೆಗೆ ೨೦೧೭ರ ಏಪ್ರಿಲಿನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು, ೨೦೧೮ರ ಸೆಪ್ಟೆಂಬರ್ ೧೦ರಿಂದ ಅದು ಜಾರಿಗೆ ಬಂತು. ಅದರ ಮೂರನೆಯ ಕಲಮಿನ ಪ್ರಕಾರ ಸೋಂಕಿತರಿಗೆ ಶಿಕ್ಷಣವನ್ನು ನಿರಾಕರಿಸುವುದು, ಅವರನ್ನು ಬೇರ್ಪಡಿಸಿ ಇಡುವುದು, ಪ್ರವೇಶಕ್ಕೆ ಮುನ್ನ ಎಚ್‌ಐವಿ ಪರೀಕ್ಷೆ ಕೇಳುವುದು ಎಲ್ಲವೂ ನಿಷಿದ್ಧ. ಎಂಟನೆಯ ಕಲಮು ಗುಟ್ಟಿನ ರಕ್ಷಣೆಗೆ ಮೀಸಲು. ಸೋಂಕಿತರ ವಿರುದ್ಧ ದ್ವೇಷ ಹರಡಿದವರಿಗೆ ಮೂರು ತಿಂಗಳಿಂದ ಎರಡು ವರ್ಷದವರೆಗೆ ಸೆರೆಮನೆ. ನೂರು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಯು ದೂರುಗಳನ್ನು ಕೇಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು; ಆ ನೂರರ ಲೆಕ್ಕದಲ್ಲಿ ನೌಕರರಷ್ಟೇ ಅಲ್ಲದೆ ಟ್ರಸ್ಟಿಗಳನ್ನೂ ಕಾಯಿದೆ ಹೆಸರಿಸಿಯೇ ಸೇರಿಸಿದೆ.

ಜೈನ ಟ್ರಸ್ಟುಗಳಿಗೆ ಇಲ್ಲಿ ವಿಶೇಷವಾದ ಒಂದು ಸಂಗತಿಯಿದೆ. ಶಿಕ್ಷಣ ಹಕ್ಕು ಕಾಯಿದೆಯಡಿ ಕರ್ನಾಟಕವು ಮಾಡಿದ ಅವಕಾಶವಂಚಿತ ಮಕ್ಕಳ ಪಟ್ಟಿಯಲ್ಲಿ ಎಚ್‌ಐವಿ ಬಾಧಿತ ಮಕ್ಕಳೂ ಸೇರಿದ್ದರು. ೨೦೧೪ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಜೈನರನ್ನು ಅಲ್ಪಸಂಖ್ಯಾತರೆಂದು ಘೋಷಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. ಸೀಟಿನ ಮೀಸಲಾತಿಯಿಂದ ಬಿಡುಗಡೆ ಸಿಕ್ಕಿತೆಂದು ಸಮಾಧಾನಪಟ್ಟವರುಂಟು. ೨೦೧೭ರ ಕಾಯಿದೆಯಲ್ಲಿ ಅಂಥ ಬಿಡುಗಡೆ ಇಲ್ಲ. ಅಲ್ಪಸಂಖ್ಯಾತವೆಂಬ ಹಕ್ಕು ಧರ್ಮವನ್ನು ಉಳಿಸಿಕೊಳ್ಳಲು ಸಿಕ್ಕಿದ್ದು. ಅದನ್ನು ಗ್ಲಾನನೊಬ್ಬನನ್ನು ಹೊರಗಿಡಲು ಬಳಸಿದರೆ ಉಳಿಸಿಕೊಂಡ ಧರ್ಮ ಯಾವುದೆಂದು ಕೇಳಬೇಕಾಗುತ್ತದೆ.

ಎಲ್ಲಕ್ಕಿಂತ ಕಷ್ಟದ ಆಕ್ಷೇಪ ಹೊರಗಿನದಲ್ಲ, ಒಳಗಿನದು. ಅದು ಅವನವನ ಕರ್ಮಫಲ, ನಾವೇನು ಮಾಡಲಾದೀತು ಎಂದು ವಿಚಾರವಂತರೂ ಆಡುವುದುಂಟು. ರೋಗವು ಅಸಾತಾವೇದನೀಯದ ಉದಯವೆಂಬುದನ್ನು ಶಾಸ್ತ್ರ ಒಪ್ಪುತ್ತದೆ. ಆದರೆ ಆ ಕರ್ಮ ಹೇಗೆ ಕಟ್ಟಿಕೊಳ್ಳುತ್ತದೆಂಬುದನ್ನು ಆರನೆಯ ಅಧ್ಯಾಯವೇ ಹೇಳಿದೆ: ದುಃಖ, ಶೋಕ, ತಾಪ, ಆಕ್ರಂದನ ಮುಂತಾದವುಗಳನ್ನು ತನ್ನಲ್ಲಿ, ಪರರಲ್ಲಿ ಅಥವಾ ಇಬ್ಬರಲ್ಲಿಯೂ ಉಂಟುಮಾಡುವುದರಿಂದ. ಮಗುವಿನ ರೋಗ ಮಗುವಿನ ಹಳೆಯ ಖಾತೆ. ಆ ಮಗುವನ್ನು ಪಂಕ್ತಿಯಿಂದ ಎಬ್ಬಿಸಿ ಅಳಿಸಿದವನದು ಇಂದು ತೆರೆದ ಹೊಸ ಖಾತೆ.

ಇನ್ನು ಉಳಿದಿರುವುದು ವಿದ್ಯಾರ್ಥಿನಿಲಯದ ದಿನಚರಿಯ ವಿಚಾರ. ಅಡುಗೆ ಒಂದೇ, ತಟ್ಟೆಗಳು ಒಂದೇ, ಪಂಕ್ತಿ ಒಂದೇ ಇರತಕ್ಕದ್ದು. ಕೊಕೊಮೊದ ಬೇರೆ ತಟ್ಟೆಯು ರೋಗವನ್ನು ತಡೆಯಲಿಲ್ಲ, ಏಕೆಂದರೆ ತಟ್ಟೆಯಿಂದ ಬರುವ ರೋಗ ಅದಲ್ಲ. ಆಟದಲ್ಲಿ ಯಾವ ಮಗುವಿಗೆ ಗಾಯವಾದರೂ ರಕ್ತ ಒರೆಸುವವರು ಕೈಗವಸು ಹಾಕಬೇಕು. ಸೋಂಕಿತನೆಂದು ಗೊತ್ತಾದವನಿಗೆ ಮಾತ್ರ ಹಾಕುವ ಕೈಗವಸು ಎಲ್ಲರೆದುರು ಡಂಗುರ ಸಾರಿದಂತೆ. ಆಸ್ಪತ್ರೆಗೆ ಹೋಗುವ ದಿನ ರಜೆ ಬೇಕಾದಾಗ ಅನಾರೋಗ್ಯವೆಂಬ ಒಂದು ಮಾತು ಸಾಕು. ತಾಯಿಯೋ ಅಜ್ಜಿಯೋ ಮಗುವಿಗೆ ರೋಗದ ಹೆಸರನ್ನು ಇನ್ನೂ ತಿಳಿಸಿರದಿದ್ದರೆ ವಾರ್ಡನ್ ಅದನ್ನು ಮೊದಲು ಹೇಳುವವರಾಗಬಾರದು.

ಸಿದ್ಧಚಕ್ರ ವಿಧಾನದ ಸಂದರ್ಭದಲ್ಲಿ ಮೈನಾಸುಂದರಿಯ ಕಥೆಯನ್ನು ಹೇಳುವುದುಂಟು. ಗಂಧೋದಕದಿಂದ ಶ್ರೀಪಾಲನ ಕುಷ್ಠ ಗುಣವಾದದ್ದನ್ನು ಕೇಳಿದ ಭಕ್ತರು ಮಾತ್ರೆಯನ್ನು ಬಿಡಿಸಿ ಗಂಧೋದಕವನ್ನಷ್ಟೇ ಕೊಟ್ಟಾರು ಎಂಬ ಭಯ ಸುಳ್ಳಲ್ಲ. ಎಆರ್‌ಟಿ ಮಾತ್ರೆಯನ್ನು ನಡುನಡುವೆ ಬಿಟ್ಟರೆ ವೈರಾಣುವು ಆ ಔಷಧಕ್ಕೆ ಬಗ್ಗದಂತಾಗುತ್ತದೆ. ಗಂಧೋದಕವನ್ನು ಕಣ್ಣಿಗೊತ್ತಿಕೊಳ್ಳಲಿ, ಮಾತ್ರೆಯನ್ನೂ ನುಂಗಲಿ. ಕಥೆಯಲ್ಲಿಯೂ ಆ ರಾಜಕುಮಾರಿ ಕೈಹಿಡಿದದ್ದು ರೋಗ ವಾಸಿಯಾದ ಮೇಲಲ್ಲ, ಕುಷ್ಠವಿದ್ದಾಗಲೇ.

ದಶಲಕ್ಷಣ ಪರ್ವದಲ್ಲಿ ಮಕ್ಕಳು ಉಪವಾಸಕ್ಕೆ ಸ್ಪರ್ಧೆಯ ಮೇಲೆ ನಿಲ್ಲುತ್ತಾರೆ. ಈ ಮಗುವೂ ನಿಲ್ಲಬಯಸಬಹುದು, ನಿಲ್ಲದಿದ್ದರೆ ಗೆಳೆಯರು ಕಾರಣ ಕೇಳಬಹುದು. ವಾರ್ಡನ್ ಮೊದಲೇ ವೈದ್ಯರನ್ನು ವಿಚಾರಿಸಿ, ಎಳೆಯ ಮಕ್ಕಳೆಲ್ಲರಿಗೂ ಏಕಾಶನವೇ ಸಾಕೆಂದು ನಿಯಮ ಮಾಡಿದರೆ ಒಬ್ಬನೇ ಎದ್ದು ಕಾಣುವ ಪ್ರಸಂಗ ಬರುವುದಿಲ್ಲ. ರಾತ್ರಿಭೋಜನ ತ್ಯಾಗದ ನಿಯಮವಿರುವ ನಿಲಯಗಳಲ್ಲಿ ಮಾತ್ರೆಯ ಹೊತ್ತು ಸೂರ್ಯಾಸ್ತದ ನಂತರ ಬಿದ್ದರೆ ಅದನ್ನು ಬೆಳಗಿಗೋ ಸಂಜೆಗೋ ಹೊಂದಿಸಲಾದೀತೇ ಎಂದು ಎಆರ್‌ಟಿ ಕೇಂದ್ರದ ವೈದ್ಯರನ್ನು ಕೇಳಬೇಕು. ಹೊಂದದಿದ್ದರೆ ಒಂದು ಲೋಟ ಶೋಧಿಸಿದ ನೀರನ್ನು ವಾರ್ಡನ್ ತಮ್ಮ ಕೋಣೆಯಲ್ಲಿ ತೆಗೆದಿಟ್ಟು, ಹೊತ್ತಾದಾಗ ಆ ಮಗುವನ್ನು ಬೇರಾವುದೋ ಕೆಲಸದ ನೆಪದಲ್ಲಿ ಕರೆದರಾಯಿತು.